ಸೋತವರಿಗೆಲ್ಲ ಮತಯಂತ್ರದ ಮೇಲೆ ಗುಮಾನಿ: ಯಾರನ್ನು ನಂಬುವುದು?

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪ ಒಂದು ಪಕ್ಷ, ಚಿಕ್ಕಪ್ಪ ಇನ್ನೊಂದು. 2023ರ ವಿಧಾನಸಭೆ ಚುನಾವಣೆಯ ನಂತರ ಅಪ್ಪ ಮತಯಂತ್ರವನ್ನು ಶಂಕಿಸಿದರು, 2024ರ ಲೋಕಸಭೆ ಚುನಾವಣೆಯ ನಂತರ ಚಿಕ್ಕಪ್ಪ. ಊಟಕ್ಕೆ ಕೂತರೂ ಇದೇ ಜಗಳ. ಚುನಾವಣಾ ಆಯೋಗವನ್ನು ನಂಬಬೇಕೇ, ಬೇಡವೇ?
- ಓದುಗರೊಬ್ಬರು, ಹಾವೇರಿ

ಉತ್ತರ: ಕರ್ನಾಟಕದಲ್ಲಿ 2023ರಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಮರುವರ್ಷವೇ ಲೋಕಸಭೆಯ 28 ಸ್ಥಾನಗಳಲ್ಲಿ 19 ಬಿಜೆಪಿ, ಜೆಡಿಎಸ್ ಮೈತ್ರಿಯ ಪಾಲಾದವು. ಎರಡೂ ಸಲ ಮತ ಬಿದ್ದದ್ದು ಇವಿಎಂನಲ್ಲೇ. ಗೆದ್ದಾಗ ಸರಿಯಿದ್ದ ಯಂತ್ರ ಸೋತಾಗ ಕೆಟ್ಟಿತು ಎನ್ನುವುದು ಪರೀಕ್ಷೆಯಾಗದು. ಸೋತವನು ತಾನೇ ಲೆಕ್ಕ ನೋಡಿಕೊಳ್ಳಲು ದಾರಿಯಿದೆಯೇ ಎಂದು ಕೇಳಿ. ನಂಬಿಕೆ ನಿಲ್ಲಬೇಕಾದದ್ದು ಆ ಪ್ರಶ್ನೆಯ ಮೇಲೆ.

ಮತಗಟ್ಟೆಯಲ್ಲಿ ಆ ದಾರಿ ಇದೆ. ಮತದಾನ ಶುರುವಾಗುವ ಮುನ್ನ ಅಭ್ಯರ್ಥಿಗಳ ಪರವಾಗಿ ಕೂರುವ ಪೋಲಿಂಗ್ ಏಜೆಂಟರ ಎದುರಿನಲ್ಲಿ ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ, ಯಂತ್ರದ ಎಣಿಕೆಯನ್ನು ವಿವಿಪ್ಯಾಟ್ (ಮತ ಯಾರಿಗೆ ಬಿತ್ತೆಂದು ಮುದ್ರಿಸುವ ಯಂತ್ರ) ಚೀಟಿಗಳೊಂದಿಗೆ ತಾಳೆ ನೋಡಿ, ನಂತರ ಅಳಿಸುತ್ತಾರೆ. ಸಂಜೆ ಮತದಾನ ಮುಗಿದ ಮೇಲೆ ನಮೂನೆ 17ಸಿ ತುಂಬುತ್ತಾರೆ. ಆ ಮತಗಟ್ಟೆಗೆ ಸೇರಿದ ಮತದಾರರೆಷ್ಟು, ಯಂತ್ರದಲ್ಲಿ ದಾಖಲಾದ ಮತಗಳೆಷ್ಟು, ಕಾಗದದ ಮೊಹರುಗಳ ಸಂಖ್ಯೆ ಯಾವುದು, ಎಲ್ಲವೂ ಅದರಲ್ಲಿರುತ್ತದೆ. ಹಾಜರಿದ್ದ ಪ್ರತಿ ಏಜೆಂಟರಿಗೂ ಅದರ ಪ್ರತಿ ಕೊಡಲೇಬೇಕು. ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಮತ ಆ ಕಾಗದಕ್ಕೆ ಹೊಂದದಿದ್ದರೆ ಪ್ರಶ್ನಿಸಲು ಏಜೆಂಟರ ಕೈಯಲ್ಲಿ ದಾಖಲೆ ಇರುತ್ತದೆ. ಜೊತೆಗೆ, 2019ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದಂತೆ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸುತ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಎರಡನೆಯ, ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಗಳು ಫಲಿತಾಂಶ ಬಂದ 7 ದಿನದೊಳಗೆ ಕೋರಿದರೆ ಶೇ 5ರಷ್ಟು ಯಂತ್ರಗಳನ್ನು ತಪಾಸಣೆ ಮಾಡಬೇಕು ಎಂದಿತು.

ಹಾಗೆಂದು ಆಯೋಗವನ್ನು ಪ್ರಶ್ನಿಸಲೇಬಾರದೆ? ಖಂಡಿತ ಪ್ರಶ್ನಿಸಬೇಕು. ನನ್ನ ಆತಂಕ ಯಂತ್ರಕ್ಕಿಂತ ನೇಮಕಾತಿಯ ಬಗ್ಗೆ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಕಾನೂನು ಮಾಡುವವರೆಗೆ ಆಯುಕ್ತರ ಆಯ್ಕೆ ಸಮಿತಿಯಲ್ಲಿ ಪ್ರಧಾನಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿ ಇರಲಿ ಎಂದಿತ್ತು. ಅದೇ ಡಿಸೆಂಬರ್‌ನಲ್ಲಿ ಬಂದ ಕಾನೂನು ಮುಖ್ಯ ನ್ಯಾಯಮೂರ್ತಿಯ ಜಾಗದಲ್ಲಿ ಪ್ರಧಾನಿ ಸೂಚಿಸುವ ಸಚಿವರನ್ನು ಕೂರಿಸಿತು. ಮೂವರಲ್ಲಿ ಇಬ್ಬರು ಆಳುವವರ ಕಡೆಯವರು! 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, ಸಿಸಿಟಿವಿ ದೃಶ್ಯದಂಥ ದಾಖಲೆಗಳು ಸಾರ್ವಜನಿಕರ ಕೈಗೆ ಸಿಗದಂತೆ ಮಾಡಲಾಯಿತು. ಅಧಿಕಾರಿಗಳು ಎಷ್ಟೇ ಪ್ರಾಮಾಣಿಕರಾಗಿರಲಿ, ಇಂಥ ಏರ್ಪಾಡು ಸೋತವರ ಸಂಶಯಕ್ಕೆ ಇಂಬು ಕೊಡುತ್ತದೆ. ಯಾವ ಪಕ್ಷ ಆಳುತ್ತಿದ್ದರೂ ಇದನ್ನು ವಿರೋಧಿಸಬೇಕು.

ಮನೆಯ ಜಗಳಕ್ಕೆ ಒಂದು ಸಲಹೆ: ಮುಂದಿನ ಚುನಾವಣೆಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ತಂತಮ್ಮ ಪಕ್ಷದ ಏಜೆಂಟರಾಗಿ ಒಂದೇ ಮತಗಟ್ಟೆಯಲ್ಲಿ ಕೂರಲಿ. ಅಣಕು ಮತದಾನಕ್ಕೆ ಬೆಳಗ್ಗೆಯೇ ಹೋಗಲಿ, ಸಂಜೆ 17ಸಿ ಪ್ರತಿ ಪಡೆಯದೆ ಹೊರಡದಿರಲಿ.