ಹೆಸರಿಲ್ಲದ ‘ಹೌದು’

ಅಂಕೋಲಾ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರ ಪತ್ರದ ಸಾರ ಇಷ್ಟು: “ಚುನಾವಣೆಗೆ ಮತ್ತೆ ನಿಲ್ಲುವ ಲಕ್ಷಣವಿರುವ ಮಾಜಿ ಶಾಸಕರೊಬ್ಬರು ಹಿಂದೆ ಜಮೀನಿನ ಮಸೂದೆಗೆ ಸದನದಲ್ಲಿ ಕೈ ಎತ್ತಿದ್ದರು ಎಂದು ಕೆಲವರು, ಇಲ್ಲ ವಿರೋಧಿಸಿದ್ದರು ಎಂದು ಕೆಲವರು. ಚಾ ಅಂಗಡಿಯಲ್ಲಿ ದಿನಾ ಇದೇ ತಕರಾರು. ಖರೆ ಯಾವುದೆಂದು ಎಲ್ಲಿ ನೋಡಬೇಕು? ಅಷ್ಟಕ್ಕೂ ಬೆಂಗಳೂರಿನಲ್ಲಿ ಯಾರು ಯಾವುದಕ್ಕೆ ಕೈ ಎತ್ತಿದರೆ ನಮಗೇನು? ರಸ್ತೆ, ಆಸ್ಪತ್ರೆ ತಂದುಕೊಟ್ಟವರಿಗೆ ಮತ ಹಾಕಿದರೆ ಸಾಲದೇ?”

ಮಾಸ್ತರರೇ,

ನಿಮ್ಮ ಹೆಸರು ಬೇಡವೆಂದಿದ್ದೀರಿ, ಹಾಕಿಲ್ಲ. ಅಭ್ಯರ್ಥಿಯ ಹೆಸರನ್ನೂ ಬಿಟ್ಟಿದ್ದೇನೆ. ಯಾವ ಪಕ್ಷದ ಯಾವ ಶಾಸಕರ ಬಗ್ಗೆಯಾದರೂ ಇದೇ ಪ್ರಶ್ನೆ ಕೇಳಬಹುದು. ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಚಾ ಅಂಗಡಿಯ ಎರಡೂ ಕಡೆಯವರ ಹತ್ತಿರ ಪುರಾವೆ ಇರಲಿಕ್ಕಿಲ್ಲ. ಆ ಮಸೂದೆ ಧ್ವನಿಮತದಲ್ಲಿ ಪಾಸಾಗಿದ್ದರೆ ಪುರಾವೆ ಹುಟ್ಟಿಯೇ ಇಲ್ಲ.

ಧ್ವನಿಮತ ಎಂದರೆ ಇಷ್ಟು: ಚರ್ಚೆ ಮುಗಿದ ಮೇಲೆ ಸಭಾಧ್ಯಕ್ಷರು ಪ್ರಸ್ತಾವವನ್ನು ಸದನದ ಮುಂದಿಡುತ್ತಾರೆ. ಪರ ಇದ್ದವರು ‘ಹೌದು’ ಎಂದು ಕೂಗುತ್ತಾರೆ, ವಿರೋಧ ಇದ್ದವರು ‘ಇಲ್ಲ’ ಎನ್ನುತ್ತಾರೆ. ಯಾವ ಕಡೆ ಬಹುಮತವಿದೆ ಎಂದು ಅಧ್ಯಕ್ಷರ ಕಿವಿಗೆ ಅನಿಸಿತೋ ಆ ಕಡೆ ಗೆದ್ದ ಹಾಗೆ. ನಡಾವಳಿಯಲ್ಲಿ ಉಳಿಯುವುದು ಅಂಗೀಕಾರವಾಯಿತು ಎಂಬ ಒಂದು ಸಾಲು. 224 ಸದಸ್ಯರಲ್ಲಿ ಯಾರು ಕೂಗಿದರು, ಯಾರು ತುಟಿ ಬಿಚ್ಚಲಿಲ್ಲ, ಯಾರು ಮೊಗಸಾಲೆಯಲ್ಲಿ ಹರಟುತ್ತಿದ್ದರು ಎಂಬುದು ಆ ಸಾಲಿನಲ್ಲಿಲ್ಲ. ಹೆಸರು ಬೇಕಿದ್ದರೆ ಒಬ್ಬರಾದರೂ ಎದ್ದು ಮತ ವಿಭಜನೆ, ಅಂದರೆ ಯಾರ ಮತ ಯಾವ ಕಡೆ ಎಂದು ಬರೆದು ಎಣಿಸುವ ಕ್ರಮ, ಕೇಳಬೇಕು.

ಕೇಳಿದರೆ ಸಿಕ್ಕೇಬಿಡುತ್ತದೆಯೇ? ಲೋಕಸಭೆಯ ಕಾರ್ಯವಿಧಾನದ 367ನೇ ನಿಯಮ ನೋಡಿ. ಅಧ್ಯಕ್ಷರು ಹೇಳಿದ್ದನ್ನು ಯಾರಾದರೂ ಪ್ರಶ್ನಿಸಿದರೆ ಮೊಗಸಾಲೆ ಖಾಲಿ ಮಾಡಿಸಬೇಕು, ಮೂರೂವರೆ ನಿಮಿಷ ಬಿಟ್ಟು ಎರಡನೇ ಸಲ ಕೇಳಬೇಕು, ಆಗಲೂ ಪ್ರಶ್ನಿಸಿದರೆ ವಿಭಜನೆ. ಆದರೆ ನಿಯಮದ ಬಾಲದಲ್ಲೊಂದು ಗಂಟಿದೆ. ಸುಮ್ಮನೆ ಕೇಳುತ್ತಿದ್ದಾರೆಂದು ಅಧ್ಯಕ್ಷರಿಗೆ ಅನಿಸಿದರೆ ಎರಡೂ ಕಡೆಯವರನ್ನು ಕೂತಲ್ಲೇ ಎಬ್ಬಿಸಿ ತಲೆ ಎಣಿಸಿ ಮುಗಿಸಬಹುದು. ಆಗ ಹೆಸರು ದಾಖಲಾಗುವುದಿಲ್ಲ. ರಾಜ್ಯಸಭೆಯಲ್ಲಿ 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳಿಗೆ ವಿರೋಧ ಪಕ್ಷಗಳು ವಿಭಜನೆ ಕೇಳಿದರೂ ಗದ್ದಲದ ನಡುವೆ ಧ್ವನಿಮತದಲ್ಲೇ ಪಾಸಾದವು. ಮರುವರ್ಷ ನವೆಂಬರ್ 29ರಂದು ಆ ಕಾಯ್ದೆಗಳನ್ನು ರದ್ದು ಮಾಡಿದ್ದೂ ಧ್ವನಿಮತದಲ್ಲೇ. ಬಂದದ್ದಕ್ಕೂ ಹೋದದ್ದಕ್ಕೂ ರಾಜ್ಯಸಭೆಯಲ್ಲಿ ಹೆಸರಿಲ್ಲ.

ಬಹುಪಾಲು ನೆಲ ಅರಣ್ಯವಾಗಿರುವ ಉತ್ತರ ಕನ್ನಡ ಜಿಲ್ಲೆಯ ನಮಗೆ ಇನ್ನೂ ಹತ್ತಿರದ್ದು 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ. 1980ರ ಕಾಯ್ದೆ ಯಾವ ಜಮೀನಿಗೆ ಅನ್ವಯಿಸುತ್ತದೆ, ಯಾವುದಕ್ಕಿಲ್ಲ ಎಂಬುದನ್ನೇ ಬದಲಿಸಿದ ಮಸೂದೆ ಅದು. 1996ರ ಡಿಸೆಂಬರ್ 12ಕ್ಕಿಂತ ಮೊದಲೇ ಸರ್ಕಾರದ ಆದೇಶದಂತೆ ಅರಣ್ಯೇತರ ಬಳಕೆಗೆ ಹೋದ ಜಮೀನು ಈಗ ಕಾಯ್ದೆಯಿಂದ ಹೊರಗೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಸೊಪ್ಪಿನ ಬೆಟ್ಟ, ಅರಣ್ಯ ಅತಿಕ್ರಮಣದ ಮಾತು ಬಂದಾಗಲೆಲ್ಲ ಎಳೆದು ತರುವ ಕಾಯ್ದೆ ಇದೇ. ಲೋಕಸಭೆ ಇದನ್ನು ಆ ವರ್ಷ ಜುಲೈ 26ರಂದು ಪಾಸು ಮಾಡಿತು. ಧ್ವನಿಮತ. ದೇಶದ ಯಾವ ಸಂಸದರೂ ನಾಳೆ ನಿಮ್ಮ ಮುಂದೆ ನಿಂತು ‘ನಾನು ಇಲ್ಲ ಎಂದಿದ್ದೆ’ ಎನ್ನಬಹುದು. ಸುಳ್ಳೆಂದು ನೀವು ತೋರಿಸಲಾರಿರಿ, ಖರೆ ಎಂದು ಅವರೂ ತೋರಿಸಲಾರರು.

ಹೆಸರು ಸಿಗುವ ಜಾಗಗಳೂ ಇವೆ. ಸಂವಿಧಾನದ ತಿದ್ದುಪಡಿಗೆ ಸದನದ ಒಟ್ಟು ಸದಸ್ಯಬಲದ ಬಹುಮತ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ಬೇಕು. ಕೂಗಿನಿಂದ ಅಷ್ಟು ಲೆಕ್ಕ ಸಿಗುವುದಿಲ್ಲ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರ 454, ವಿರುದ್ಧ 2 ಮತ ಬಿದ್ದವು. ಆ ಇಬ್ಬರು ಯಾರೆಂದು ದೇಶಕ್ಕೆಲ್ಲ ಗೊತ್ತು.

ಇನ್ನು ಹುಡುಕುವ ಕ್ರಮ. ಮೊದಲು ಮಸೂದೆಯ ಪೂರ್ಣ ಹೆಸರು, ವರ್ಷ ಹಿಡಿಯಿರಿ. ‘ಜಮೀನಿನ ಮಸೂದೆ’ ಎಂದರೆ ಸಾಲದು. 1961ರ ಭೂ ಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿಗಳು ಒಂದೆರಡಲ್ಲ. ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ 1974ರದ್ದೂ ತಿದ್ದುಪಡಿಯೇ, ಕೃಷಿಕರಲ್ಲದವರೂ ಜಮೀನು ಕೊಳ್ಳಲು ಬಾಗಿಲು ತೆರೆದ 2020ರದ್ದೂ ತಿದ್ದುಪಡಿಯೇ. ಎರಡನೆಯದು ಮೊದಲು ಸುಗ್ರೀವಾಜ್ಞೆಯಾಗಿ ಬಂತು. ಸುಗ್ರೀವಾಜ್ಞೆಗೆ ಯಾವ ಶಾಸಕರೂ ಮತ ಹಾಕುವುದಿಲ್ಲ, ಅದು ಸಂಪುಟದ ಸಲಹೆಯ ಮೇಲೆ ರಾಜ್ಯಪಾಲರು ಹೊರಡಿಸುವುದು. ಆಮೇಲೆ ಅಭ್ಯರ್ಥಿ ಆ ದಿನ ಯಾವ ಸದನದಲ್ಲಿದ್ದರು, ಸದಸ್ಯರಾಗಿದ್ದರೇ ಎಂದು ತಾಳೆ ನೋಡಿ. ವಿಧಾನಸಭೆಯ ಲೆಕ್ಕವನ್ನು ಪರಿಷತ್ತಿನವರ ತಲೆಗೆ ಕಟ್ಟುವುದು ಪ್ರಚಾರ ಸಭೆಗಳಲ್ಲಿ ಮಾಮೂಲು.

ಆಮೇಲೆ ಆ ದಿನದ ನಡಾವಳಿ ತೆಗೆಯಿರಿ. ಮಸೂದೆ ಒಂದೇ ಏಟಿಗೆ ಪಾಸಾಗುವುದಿಲ್ಲ. ಮೊದಲು ಪರ್ಯಾಲೋಚನೆಯ ಪ್ರಸ್ತಾವ, ಆಮೇಲೆ ಒಂದೊಂದೇ ಖಂಡ ಮತ್ತು ತಿದ್ದುಪಡಿ, ಕೊನೆಗೆ ಅಂಗೀಕಾರದ ಪ್ರಸ್ತಾವ. ಮೂರೂ ಕಡೆ ಬೇರೆ ಬೇರೆ ಮತ. ತಿದ್ದುಪಡಿಯೊಂದಕ್ಕೆ ‘ಹೌದು’ ಎಂದು, ಅದು ಬಿದ್ದುಹೋದ ಮೇಲೆ ಮೂಲ ಮಸೂದೆಗೂ ‘ಹೌದು’ ಎಂದವರಿದ್ದಾರೆ. ಮೊದಲಿನದನ್ನಷ್ಟೇ ತೋರಿಸಿ ‘ವಿರೋಧಿಸಿದರು’ ಎನ್ನುವ ಭಾಷಣಕಾರರು ಎಲ್ಲ ಪಕ್ಷದಲ್ಲೂ ಸಿಗುತ್ತಾರೆ. ಮಸೂದೆಯನ್ನು ಸಮಿತಿಗೆ ಒಪ್ಪಿಸಿ ಎಂಬ ಪ್ರಸ್ತಾವಕ್ಕೆ ಹಾಕಿದ ಮತವೂ ಮಸೂದೆಯ ವಿರುದ್ಧದ ಮತವಾಗುವುದಿಲ್ಲ.

ವಿಭಜನೆಯ ಪಟ್ಟಿ ಸಿಕ್ಕರೆ ಅವಸರ ಮಾಡಬೇಡಿ. ಲೋಕಸಭೆಯಲ್ಲಿ ಯಂತ್ರ ಕೈಕೊಟ್ಟವರು, ಗುಂಡಿ ತಪ್ಪಿ ಒತ್ತಿದವರು ಚೀಟಿಯಲ್ಲಿ ಮತ ಬರೆದು ಕೊಡುತ್ತಾರೆ; ಅವರ ಹೆಸರು ಪಟ್ಟಿಯ ಕೆಳಗೆ ಅಡಿಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಮೇಲಿನ ಪಟ್ಟಿಯನ್ನಷ್ಟೇ ನೋಡಿ ‘ಮತವನ್ನೇ ಹಾಕಲಿಲ್ಲ’ ಎಂದು ಡಂಗುರ ಹೊಡೆದವರು ಪೇಚಿಗೆ ಬೀಳುವುದು ಇಲ್ಲೇ. ಸದನದಲ್ಲಿದ್ದು ತಟಸ್ಥರಾದವರು ಬೇರೆ, ಬಾರದವರು ಬೇರೆ, ಸಭಾತ್ಯಾಗ ಮಾಡಿ ಹೊರನಡೆದವರು ಬೇರೆ. ಕೊನೆಯ ಎರಡು ಬಗೆಯವರ ಹೆಸರು ಪಟ್ಟಿಯಲ್ಲಿ ಇರುವುದೇ ಇಲ್ಲ. ವ್ಯತ್ಯಾಸ ತಿಳಿಯಲು ಚರ್ಚೆಯ ಹಿಂದಿನ ಪುಟಗಳನ್ನು ಓದಬೇಕು. ಧ್ವನಿಮತವಾಗಿದ್ದರೂ ಒಂದು ದಾರಿ ಉಳಿದಿದೆ. ಮಸೂದೆ ಸಮಿತಿಗೆ ಹೋಗಿದ್ದರೆ ವರದಿಯ ಕೊನೆಯಲ್ಲಿ ಒಪ್ಪದ ಸದಸ್ಯರ ಭಿನ್ನಮತದ ಟಿಪ್ಪಣಿ ಹೆಸರು ಸಮೇತ ಇರುತ್ತದೆ. ನಾನು ಹೇಳಿದ ಅರಣ್ಯ ಮಸೂದೆ ಜಂಟಿ ಸಮಿತಿಗೆ ಹೋಗಿತ್ತು. ಆ ವರದಿಯಲ್ಲೂ ಇಂಥ ಟಿಪ್ಪಣಿಗಳಿವೆ. ಸಭೆಯಲ್ಲಿ ಕೂಗಿದ್ದಕ್ಕಿಂತ ಬರೆದು ಸಹಿ ಹಾಕಿದ್ದು ಗಟ್ಟಿ.

ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಹುಕುಂ, ಇದ್ದ ಮೇಲೆ ಶಾಸಕರ ಮತಕ್ಕೆ ಅರ್ಥವೇನು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. 1985ರಲ್ಲಿ ಪಕ್ಷಾಂತರ ತಡೆಯಲು ಸಂವಿಧಾನಕ್ಕೆ ಹತ್ತನೇ ಅನುಸೂಚಿ ಬಂದ ಮೇಲೆ ಪಕ್ಷದ ನಿರ್ದೇಶನ ಮೀರಿ ಮತ ಹಾಕಿದರೆ, ಅಥವಾ ಹಾಕದೆ ಉಳಿದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದಲ್ಲಿ ಕುರ್ಚಿಗೆ ಸಂಚಕಾರ. ವಿಶ್ವಾಸಮತ ಮತ್ತು ಪಕ್ಷದ ಮೂಲ ನೀತಿಯಂಥ ವಿಷಯಗಳಿಗೆ ಮಾತ್ರ ಇದನ್ನು ಸೀಮಿತವಾಗಿ ಓದಬೇಕೆಂದು ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿದ್ದರೂ ಪಕ್ಷಗಳು ಸಣ್ಣಪುಟ್ಟದ್ದಕ್ಕೂ ವಿಪ್ ಹೊರಡಿಸುತ್ತವೆ. ದಿನಕರ ದೇಸಾಯಿಯವರು 1967ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಹೋದದ್ದು ಪಕ್ಷೇತರರಾಗಿ. ಅವರ ‘ಹೌದು’, ‘ಇಲ್ಲ’ಗಳಿಗೆ ಯಾರ ಹುಕುಂ ಬೇಕಿರಲಿಲ್ಲ. ಆ ಕಾಲ ಹೋಯಿತು, ಒಪ್ಪಿದೆ.

ಆದರೆ ವಿಪ್ ಎಂಬುದು ಹೆಸರು ಮುಚ್ಚಿಡಲು ಕಾರಣವಾಗಲಾರದು. ವಿಪ್‌ಗೆ ಬಾಗಿದವರು ಬಾಗಿದ್ದೂ ದಾಖಲಾಗಲಿ, ಊರಿಗೆ ಬಂದು ಬೇರೆ ರಾಗ ಹಾಡುವುದಾದರೂ ನಿಂತೀತು. ವಿಪ್ ಮೀರಿದಾಗ ದಾಖಲೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಉದಾಹರಣೆ ಜಿಲ್ಲೆಯಲ್ಲೇ ಇದೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ಯಾಚನೆಯಲ್ಲಿ ಶಾಸಕರನ್ನು ಸಾಲು ಸಾಲಾಗಿ ಎಬ್ಬಿಸಿ ಎಣಿಸಿದರು: ಪರ 99, ವಿರುದ್ಧ 105. ಯಲ್ಲಾಪುರದ ಶಿವರಾಮ ಹೆಬ್ಬಾರರು ಎರಡೂ ಲೆಕ್ಕದಲ್ಲಿರಲಿಲ್ಲ, ಗೈರಾದವರಲ್ಲಿದ್ದರು. ಅನರ್ಹರಾದ 17 ಶಾಸಕರಲ್ಲಿ ಅವರೂ ಒಬ್ಬರು. ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಅವರು ಗೆದ್ದರು. ಆ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಮತದಾರರ ಎದುರು ಒಂದು ನಿಶ್ಚಿತ ಸಂಗತಿ ಇತ್ತು, ಅದನ್ನಿಟ್ಟುಕೊಂಡು ಅವರು ತೀರ್ಮಾನಿಸಿದರು. ನಿಮ್ಮ ಚಾ ಅಂಗಡಿಗೆ ಇಲ್ಲದಿರುವುದು ಆ ಸಂಗತಿಯೇ.

ಇನ್ನೊಂದು ಎಡವಟ್ಟು ಹೇಳಿಬಿಡುತ್ತೇನೆ. ಸಭಾಧ್ಯಕ್ಷರು ಸಾಮಾನ್ಯವಾಗಿ ಮತ ಹಾಕುವುದಿಲ್ಲ. ಸಂವಿಧಾನದ 189ನೇ ವಿಧಿಯಂತೆ ಸಮಬಲವಾದಾಗ ಮಾತ್ರ ನಿರ್ಣಾಯಕ ಮತ. ಸಿರ್ಸಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರು 2019ರಿಂದ 2023ರವರೆಗೆ ಆ ಪೀಠದಲ್ಲಿದ್ದರು. ಆ ಅವಧಿಯ ಯಾವ ಮಸೂದೆಗಾದರೂ ‘ಅವರು ಮತ ಹಾಕಿದರು’ ಎಂದು ಹೊಗಳಿದರೂ ತೆಗಳಿದರೂ ಹೇಳಿದವರಿಗೆ ವಿಷಯ ಗೊತ್ತಿಲ್ಲ ಎಂದೇ ಲೆಕ್ಕ. ಹಾಗೆಯೇ ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ. ‘ವರದಿಯ ಪರ ಮತ ಹಾಕಿದರು’ ಎಂದು ಘಟ್ಟದ ಮೇಲೆ ಯಾರಾದರೂ ಅಂದರೆ ನಕ್ಕುಬಿಡಿ. ಪಶ್ಚಿಮ ಘಟ್ಟದ ಕರಡು ಅಧಿಸೂಚನೆ, 2024ರ ಜುಲೈ 31ರದ್ದೂ ಸೇರಿ, ಕೇಂದ್ರ ಸರ್ಕಾರ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಡಿಸಿದ್ದು. ಮಸೂದೆಯೇ ಅಲ್ಲ, ಮತ ಎಲ್ಲಿಯದು? ಮೀನುಗಾರರ ಕೇರಿಗಳನ್ನು ಕಾಡುವ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಅದೇ ಜಾತಿ. ಇಂಥ ಕಡೆ ಕೇಳಬೇಕಾದ್ದು, ಆಕ್ಷೇಪಣೆಯ ಅವಧಿಯಲ್ಲಿ ಈ ಮಹನೀಯರು ಲಿಖಿತವಾಗಿ ಏನು ಕಳಿಸಿದರು, ಪ್ರತಿ ಎಲ್ಲಿದೆ ಎಂದು.

ಈಗ ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ರಸ್ತೆ, ಆಸ್ಪತ್ರೆ ಮುಖ್ಯವೇ, ಯಾರು ಬೇಡವೆಂದರು? ಆದರೆ ಮಕ್ಕಳಿಗೆ ಪೌರನೀತಿ ಕಲಿಸಿದ ನೀವು ಹೀಗೆ ಬರೆಯಬಾರದಿತ್ತು. ಖಜಾನೆಯಿಂದ ದುಡ್ಡು ಹೊರಬರಲು ಸದನ ಧನವಿನಿಯೋಗ ಮಸೂದೆ ಪಾಸು ಮಾಡಬೇಕು. ಶಾಸಕರ ಜೇಬಿನಿಂದ ರಸ್ತೆ ಆಗುವುದಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ‘ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ’ ಎಂದು ಎದ್ದಿದ್ದರಲ್ಲ. ಅಪಘಾತವಾದರೆ ಇಂದಿಗೂ ಆಂಬುಲೆನ್ಸು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತದೆ. ಆಸ್ಪತ್ರೆ ಬಗ್ಗೆ ಶಾಸಕರು ಏನು ಮಾಡಿದರು ಎಂಬುದು ಪ್ರಶ್ನೋತ್ತರದಲ್ಲಿ ಕಾಣುತ್ತದೆ. ‘ಆಸ್ಪತ್ರೆ ಯಾವಾಗ?’ ಎಂದು ಕೇಳಿದವರಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಸಿಗುತ್ತದೆ, ಅಲ್ಲಿಗೆ ಇಬ್ಬರ ಕೆಲಸವೂ ಮುಗಿಯಿತು. ಕೆಲಸ ಗೊತ್ತಿದ್ದವರು ಮಂಜೂರಾದ ತಜ್ಞ ವೈದ್ಯರ ಹುದ್ದೆ ಎಷ್ಟು, ಭರ್ತಿ ಎಷ್ಟು, ಪ್ರಸ್ತಾವನೆ ಆರ್ಥಿಕ ಇಲಾಖೆಗೆ ಯಾವ ದಿನ ಹೋಯಿತು, ಯಾವ ಆಕ್ಷೇಪದೊಂದಿಗೆ ವಾಪಸಾಯಿತು ಎಂದು ಬಿಡಿಸಿ ಕೇಳುತ್ತಾರೆ. ಅದೂ ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಮಂತ್ರಿ ಸದನದಲ್ಲೇ ಎದ್ದು ಹೇಳಬೇಕಾಗುವಂತೆ, ಮೇಲೆ ಉಪಪ್ರಶ್ನೆ ಹಾಕಲು ಬರುವಂತೆ. ಪ್ರಶ್ನೆಗೆ ವಿಪ್ ಇಲ್ಲ ಮಾಸ್ತರರೇ. ಅಲ್ಲಿ ಬಾಯಿ ಬಿಡದವರು ಯಾರ ಭಯದಿಂದಲೂ ಸುಮ್ಮನಿದ್ದವರಲ್ಲ.

ಹಾಜರಾತಿಯನ್ನು ಮಾತ್ರ ಹೆಚ್ಚು ನಂಬಬೇಡಿ. ಸಹಿ ಹಾಕಿ ಹೊರಟುಹೋದರೂ ಹಾಜರಿಯೇ. ಸಂಸತ್ತಿನಲ್ಲಿ ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿಯನ್ನೇ ಹಾಕುವುದಿಲ್ಲ, ಅವರ ಲೆಕ್ಕ ಸೊನ್ನೆ ಕಂಡರೆ ಗೈರು ಎಂದುಕೊಳ್ಳಬಾರದು.

ನನ್ನ ಸಿಟ್ಟು ಇರುವುದು ಬೇರೆ ಕಡೆ. ನಾಮಪತ್ರದ ಜೊತೆ ಕೊಡುವ 26ನೇ ನಮೂನೆಯ ಪ್ರಮಾಣಪತ್ರ ತೆಗೆದು ನೋಡಿ. ಹೆಂಡತಿಯ ಮೈಮೇಲಿನ ಬಂಗಾರ ಎಷ್ಟು ಗ್ರಾಂ, ಸೊಸೈಟಿಯಲ್ಲಿ ಸಾಲ ಎಷ್ಟು, ಕಾರು ಯಾವ ವರ್ಷದ್ದು, ಎಲ್ಲ ಬರೆಯಬೇಕು. ಐದು ವರ್ಷ ಶಾಸಕರಾಗಿದ್ದವರು ಎಷ್ಟು ಪ್ರಶ್ನೆ ಕೇಳಿದೆ, ಯಾವ ತಿದ್ದುಪಡಿ ಮಂಡಿಸಿದೆ, ಎಷ್ಟು ಸಲ ವಿಭಜನೆ ಕೇಳಿದೆ ಎಂದು ಬರೆಯಲು ಒಂದು ಕಾಲಮ್ಮೂ ಇಲ್ಲ. ಸೇರಿಸಿದರೆ ಅರ್ಧ ಪುಟ ಹೆಚ್ಚಾಗುತ್ತಿತ್ತು, ಅಷ್ಟೇ.

ಬೆಂಗಳೂರಿನವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಅಲ್ಲಿ ವಿಪ್ಪಿನ ನೆಪವೂ ಇಲ್ಲ. ಆದರೂ ಠರಾವು ಪುಸ್ತಕ ತೆರೆದರೆ ಪ್ರತಿ ಪುಟದಲ್ಲೂ ‘ಸರ್ವಾನುಮತದಿಂದ’. ಸಭೆಯಲ್ಲಿ ಮೇಜು ಕುಟ್ಟಿ ಜಗಳವಾಡಿದ ಸದಸ್ಯರೇ ಕೆಳಗೆ ಸಹಿ ಹಾಕಿರುತ್ತಾರೆ. ‘ನನ್ನ ವಿರೋಧವನ್ನು ನಡಾವಳಿಯಲ್ಲಿ ಬರೆಯಿರಿ’ ಎಂದು ಹೇಳಿ, ಬರೆದದ್ದನ್ನು ಓದಿದ ಮೇಲೆ ಸಹಿ ಹಾಕಲು ಯಾವ ಕಾನೂನೂ ಅಡ್ಡಿಯಿಲ್ಲ. ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ, 30 ದಿನದೊಳಗೆ ಕೊಡಬೇಕು. ಅರ್ಜಿ ಒಂದೇ ವಿಷಯದ್ದಿರಲಿ, 150 ಪದ ದಾಟದಿರಲಿ. ರಾಜ್ಯದ ನಿಯಮ ಹಾಗಿದೆ, ದಾಟಿದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ‘ಎಲ್ಲ ಠರಾವು ಕೊಡಿ’ ಎನ್ನಬೇಡಿ, ಸಭೆಯ ತಾರೀಕು ಬರೆಯಿರಿ.

ಸೊಸೈಟಿಗಳ ವಾರ್ಷಿಕ ಸಾಮಾನ್ಯ ಸಭೆಯ ಕಥೆಯಂತೂ ಕೇಳುವುದೇ ಬೇಡ. ಜಮಾಖರ್ಚು ಓದುವವರು ಪುಟ ತಿರುವುವುದರೊಳಗೆ ಹಿಂದಿನ ಸಾಲಿನಿಂದ ‘ಮಂಜೂರು, ಮಂಜೂರು’ ಎಂಬ ಕೂಗು. ಲಾಭ ವಿಲೇವಾರಿ, ಲೆಕ್ಕಪರಿಶೋಧಕರ ನೇಮಕ, ಬೈಲಾ ತಿದ್ದುಪಡಿ ಮೂರೂ ಒಂದೇ ಉಸಿರಿಗೆ ಪಾಸು. ಹದಿನೈದು ದಿನ ಮೊದಲೇ ಮನೆಗೆ ಬಂದ ವರದಿ ಪುಸ್ತಕವನ್ನು ಬಿಚ್ಚಿ ನೋಡಿದವರು ಕಡಿಮೆ. ಈ ಸಲದ ಸಭೆಯಲ್ಲಿ ಬೈಲಾ ತಿದ್ದುಪಡಿ ಬಂದಾಗ ನೀವೊಬ್ಬರಾದರೂ ಎದ್ದು ‘ಕೈ ಎತ್ತಿಸಿ ಎಣಿಸಿ, ಸಂಖ್ಯೆ ಬರೆಯಿರಿ’ ಎನ್ನಿ. ಊಟದ ಪಂಕ್ತಿಗೆ ತಡವಾಯಿತೆಂದು ನಾಲ್ಕು ಜನ ಗೊಣಗುತ್ತಾರೆ. ಗೊಣಗಲಿ, ಪಾಯಸ ಆರುವುದಿಲ್ಲ.

— ಸಂ.