ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆಯೇ?

ಅಲ್ಲ. ಒಂದು ವರ್ತನೆ ಮುಂದೆ ಹೆಚ್ಚುವಂತೆ ಮಾಡುವ ಪರಿಣಾಮವನ್ನು ಮನೋವಿಜ್ಞಾನದಲ್ಲಿ ಪುನರ್ಬಲನ ಎನ್ನುತ್ತಾರೆ. ಅದನ್ನು ಕಡಿಮೆ ಮಾಡುವಂಥದ್ದು ಶಿಕ್ಷೆ. ಗೊಂದಲ ಹುಟ್ಟಿಸುವುದು ‘ಋಣಾತ್ಮಕ’ ಎಂಬ ವಿಶೇಷಣ. ಇಲ್ಲಿ ಅದಕ್ಕೆ ಕೆಟ್ಟದ್ದು ಎಂಬ ಅರ್ಥವಿಲ್ಲ. ಗಣಿತದ ಕಳೆಯುವ ಚಿಹ್ನೆಯಂತೆ, ಏನನ್ನೋ ತೆಗೆದುಹಾಕಲಾಗಿದೆ ಎಂದಷ್ಟೇ ಅದು ಸೂಚಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ರೂಪಿಸಿದ ಪ್ರಯೋಗಪೆಟ್ಟಿಗೆಯಲ್ಲಿ, ನೆಲದಿಂದ ಬರುವ ವಿದ್ಯುದಾಘಾತವು ಸನ್ನೆಕೋಲನ್ನು ಒತ್ತಿದೊಡನೆ ನಿಲ್ಲುವಂತಿದ್ದರೆ, ಇಲಿಯು ಅದನ್ನು ಒತ್ತಲು ಕಲಿಯುತ್ತದೆ. ಸೀಟ್ ಬೆಲ್ಟ್ ಹಾಕುವವರೆಗೂ ಕಾರು ಸದ್ದು ಮಾಡುವುದೂ ಇದೇ ತತ್ತ್ವದ ಮೇಲೆ.

ಮನೆಮಂದಿಗೆ ಪರಿಚಿತವಾದ ಉದಾಹರಣೆ ಇನ್ನೊಂದಿದೆ. ಅಂಗಡಿಯಲ್ಲಿ ಮಗು ಚಾಕೊಲೇಟಿಗಾಗಿ ರಂಪ ಮಾಡುತ್ತದೆ, ತಾಯಿ ಕೊಡಿಸುತ್ತಾಳೆ, ಅಳು ನಿಲ್ಲುತ್ತದೆ. ಚಾಕೊಲೇಟ್ ದೊರೆತದ್ದು ಮಗುವಿನ ಪಾಲಿಗೆ ಧನಾತ್ಮಕ, ಅಂದರೆ ಏನನ್ನೋ ಸೇರಿಸುವ, ಪುನರ್ಬಲನವಾದರೆ, ಅಳು ನಿಂತದ್ದು ತಾಯಿಯ ಪಾಲಿಗೆ ಋಣಾತ್ಮಕ ಪುನರ್ಬಲನ. ಆದ್ದರಿಂದಲೇ ಮುಂದಿನ ಸಲ ಮಗು ಅಳುವ ಸಾಧ್ಯತೆಯಂತೆ ತಾಯಿ ಮಣಿಯುವ ಸಾಧ್ಯತೆಯೂ ಹೆಚ್ಚುತ್ತದೆ. ರಂಪ ಮಾಡಿದ್ದಕ್ಕಾಗಿ ಆಟಿಕೆಯನ್ನು ಕಸಿದುಕೊಂಡು, ಅದರಿಂದ ರಂಪ ಕಡಿಮೆಯಾದರೆ ಮಾತ್ರ ಅದು ಶಿಕ್ಷೆ, ಅದರಲ್ಲೂ ಋಣಾತ್ಮಕ ಶಿಕ್ಷೆ.

ಅಂದಹಾಗೆ, ಈ ಗೊಂದಲಕ್ಕೆ ನಾಚಬೇಕಿಲ್ಲ: 1938ರ ತಮ್ಮ ಗ್ರಂಥದಲ್ಲಿ ಸ್ಕಿನ್ನರ್ ಅವರೇ ‘ಋಣಾತ್ಮಕ ಪುನರ್ಬಲನ’ ಎಂಬ ಪದವನ್ನು ಶಿಕ್ಷೆಯ ಅರ್ಥದಲ್ಲಿ ಬಳಸಿ, 1953ರ ಹೊತ್ತಿಗೆ ಇಂದಿನ ಅರ್ಥಕ್ಕೆ ಬದಲಾಯಿಸಿಕೊಂಡಿದ್ದರು.