ಸ್ನಾನದ ಕುರ್ಚಿ ಕೊಳ್ಳುವ ಮುನ್ನ

ಪ್ರಶ್ನೆ: ನನಗೆ 66 ವರ್ಷ. ಪತ್ನಿಗೆ ಪಾರ್ಶ್ವವಾಯು ಆಗಿ ಎಡಗೈ, ಎಡಗಾಲಿನಲ್ಲಿ ಬಲವಿಲ್ಲ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಹಾಕುತ್ತಾಳೆ. ಸ್ನಾನ ಮಾಡಿಸುವವನು ನಾನೇ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೀರು ಹಾಕುತ್ತಿದ್ದೆ. ಮೊನ್ನೆ ಏಳುವಾಗ ಕುರ್ಚಿ ಜಾರಿತು. ಗೋಡೆಗೆ ಆತುಕೊಂಡು ಹೇಗೋ ಉಳಿದೆವು. ನನಗೂ ಸೊಂಟನೋವಿದೆ. ಸ್ನಾನದ ಕುರ್ಚಿ ಕಳುಹಿಸುತ್ತೇನೆ ಎಂದು ಮಗಳು ಹೇಳುತ್ತಿದ್ದಾಳೆ. ನೋಡಿದರೆ ಹತ್ತಾರು ಬಗೆ ಇವೆ. ಯಾವುದನ್ನು ಕೊಳ್ಳಲಿ? ಪತ್ನಿಯಂತೂ ‘ಆಸ್ಪತ್ರೆಯ ಸಾಮಾನು ಮನೆಗೆ ಬೇಡ’ ಎನ್ನುತ್ತಾಳೆ.

ಉತ್ತರ: ಕುರ್ಚಿ ಜಾರಿದ್ದು ನೀರು ಹಾಕುವಾಗ ಅಲ್ಲ, ಏಳುವಾಗ. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಮನೆಗಳಿಗೆ ಹೋದಾಗಲೆಲ್ಲ ನಾನು ಕೇಳುವ ಕತೆಯೂ ಇದೇ. ಹೊಸಿಲು ದಾಟುವಾಗ, ತಿರುಗಿ ಕೂರುವಾಗ, ಒದ್ದೆಗಾಲಿನಲ್ಲಿ ಎದ್ದು ನಿಲ್ಲುವಾಗ ಅಪಾಯ ಹೆಚ್ಚು. ಹಾಗಾಗಿ ನಿಮ್ಮ ಪತ್ನಿಯವರು ಹಾಸಿಗೆಯಿಂದ ಬಚ್ಚಲಿಗೆ ಹೇಗೆ ಬರುತ್ತಾರೆ, ಹೇಗೆ ಹಿಂದಿರುಗುತ್ತಾರೆ ಎಂಬುದನ್ನು ನೋಡಿಕೊಂಡೇ ಸಾಮಾನು ಆರಿಸಬೇಕು.

ಪ್ಲಾಸ್ಟಿಕ್ ಕುರ್ಚಿಯನ್ನು ಇಂದೇ ಬಚ್ಚಲಿನಿಂದ ಹೊರಗಿಡಿ. ಅದರ ಕಾಲುಗಳು ಒದ್ದೆ ನೆಲದ ಮೇಲೆ ಅಗಲಿಸಿಕೊಳ್ಳುತ್ತವೆ. ಒಂದೇ ಕೈಹಿಡಿಯ ಮೇಲೆ ಭಾರ ಬಿದ್ದರೆ ಕುರ್ಚಿಯೇ ಮಗುಚಬಹುದು. ನಿಮ್ಮ ಪತ್ನಿಯವರು ಏಳುವುದಾದರೋ ಬಲಗೈಯೊಂದರ ಬಲದಿಂದಲೇ.

ನಾಲ್ಕು ಹೆಜ್ಜೆ ಹಾಕುತ್ತಾರೆ ಎಂದಿದ್ದೀರಿ. ಆ ನಾಲ್ಕು ಹೆಜ್ಜೆಯಲ್ಲಿ ಬಚ್ಚಲು ಸಿಗುತ್ತದೆಯೇ? ಸಿಗುವುದಾದರೆ, ಕಾಲುಗಳಿಗೆ ಅಗಲವಾದ ರಬ್ಬರ್ ಬುಷ್ ಇರುವ, ಚಕ್ರವಿಲ್ಲದ ಷವರ್ ಚೇರ್ ಸಾಕು. ಬೆನ್ನಿಗೆ ಒರಗು ಮತ್ತು ಎರಡೂ ಬದಿಗೆ ಕೈಹಿಡಿ ಇರಲೇಬೇಕು. ಬರಿಯ ಸ್ಟೂಲ್ ಅಗ್ಗವೆಂದು ತರಬೇಡಿ. ಎಡಭಾಗ ಸೋತವರು ಕುಳಿತಲ್ಲೇ ಆ ಕಡೆಗೆ ವಾಲುತ್ತಾರೆ. ಬಚ್ಚಲು ದೂರವಿದ್ದರೆ, ಅಥವಾ ಅಲ್ಲಿಗೆ ತಲುಪುವಷ್ಟರಲ್ಲೇ ಅವರು ಸುಸ್ತಾಗುವುದಾದರೆ, ಸ್ನಾನಕ್ಕೂ ಶೌಚಕ್ಕೂ ಆಗುವ, ಚಕ್ರವಿರುವ ಷವರ್ ಕಮೋಡ್ ಚೇರ್ ಒಳ್ಳೆಯದು. ಹಾಸಿಗೆಯ ಪಕ್ಕದಲ್ಲೇ ಕೂರಿಸಿ, ಅದರಲ್ಲೇ ಸ್ನಾನ ಮಾಡಿಸಿ, ಅದರಲ್ಲೇ ವಾಪಸು ಕರೆತರಬಹುದು. ಒದ್ದೆ ನೆಲದಲ್ಲಿ ಏಳುವ ಪ್ರಮೇಯವೇ ಇರುವುದಿಲ್ಲ. ಚಕ್ರಗಳಿಗೆ ಬ್ರೇಕ್ ಇದೆಯೇ, ಪಾದ ಇಡುವ ಹಲಗೆ ಮಡಚಿಕೊಳ್ಳುತ್ತದೆಯೇ ಎಂದು ವಿಚಾರಿಸಿ. ನಿಮ್ಮಲ್ಲಿ ಸ್ನಾನದ ತೊಟ್ಟಿ ಇದ್ದರೆ ಮಾತ್ರ ಇವೆರಡೂ ಬೇಡ. ಎರಡು ಕಾಲು ತೊಟ್ಟಿಯ ಒಳಗೆ, ಎರಡು ಹೊರಗೆ ನಿಲ್ಲುವ ಟ್ರಾನ್ಸ್‌ಫರ್ ಬೆಂಚ್ ಬೇಕು. ಅವರು ಹೊರಗೆ ಕುಳಿತು, ಸರಿಯುತ್ತಾ ಒಳಗೆ ಹೋಗುತ್ತಾರೆ. ತೊಟ್ಟಿಯ ಅಂಚನ್ನು ನಿಂತು ದಾಟಬೇಕಿಲ್ಲ.

ಈಗ ಅಳತೆ. ಮಗಳು ಹಣ ಕಟ್ಟುವ ಮುನ್ನ ಈ ಕೆಲಸ ಆಗಲೇಬೇಕು. ಪತ್ನಿಯವರನ್ನು ಗಟ್ಟಿಯಾದ ಆಸನದಲ್ಲಿ, ಪಾದ ಪೂರ್ತಿ ನೆಲಕ್ಕೆ ತಾಗುವಂತೆ ಕೂರಿಸಿ, ನೆಲದಿಂದ ಮಂಡಿಯ ಹಿಂಭಾಗದವರೆಗಿನ ಎತ್ತರ ಅಳೆಯಿರಿ. ಸ್ನಾನದ ಕುರ್ಚಿಯ ಆಸನ ಅದಕ್ಕಿಂತ ಒಂದೆರಡು ಇಂಚು ಎತ್ತರವಿದ್ದರೆ ಏಳುವುದು ಸುಲಭ. ಅದಕ್ಕೂ ಎತ್ತರವಾದರೆ ಪಾದ ತೇಲುತ್ತದೆ. ಬಚ್ಚಲಿನ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ಆದ್ದರಿಂದ ನಾಲ್ಕೂ ಕಾಲುಗಳ ಎತ್ತರವನ್ನು ಬೇರೆಬೇರೆಯಾಗಿ ಹೊಂದಿಸುವಂತಿರಬೇಕು. ಕುರ್ಚಿ ತಡೆಯುವ ತೂಕ ಅವರ ತೂಕಕ್ಕಿಂತ ಸಾಕಷ್ಟು ಹೆಚ್ಚಿರಲಿ, ಏಕೆಂದರೆ ಧೊಪ್ಪನೆ ಕೂತಾಗ ಬೀಳುವ ಭಾರ ತೂಕದ ಯಂತ್ರ ತೋರಿಸಿದ್ದಕ್ಕಿಂತ ಜಾಸ್ತಿ. ಚಕ್ರದ ಕುರ್ಚಿಯಾದರೆ ಬಾಗಿಲನ್ನು ಪೂರ್ತಿ ತೆರೆದು, ಉಳಿಯುವ ದಾರಿಯ ಅಗಲವನ್ನು ಅಳೆಯಿರಿ. ಚೌಕಟ್ಟಿನ ಅಗಲ ನಂಬಬೇಡಿ. ಬಾಗಿಲ ಹಲಗೆಯೇ ಸ್ವಲ್ಪ ಜಾಗ ತಿನ್ನುತ್ತದೆ. ಹೊಸಿಲಿನ ಎತ್ತರವನ್ನೂ ಬರೆದುಕೊಳ್ಳಿ.

ಗೋಡೆಗೆ ಹಿಡಿಕೆ ಹಾಕಿಸುವುದಾದರೆ ಅವರ ಬಲಗೈ ಕಡೆಗೆ ಹಾಕಿಸಿ. ಕುರ್ಚಿಯಲ್ಲಿ ಕೂರಿಸಿ, ಏಳುವಂತೆ ಹೇಳಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಆಮೇಲೆ ಕೊರೆಯುವವನನ್ನು ಕರೆಸಿ. ಗಟ್ಟಿ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದೇ ಆಗಬೇಕು. ಗಾಳಿ ಹೀರಿ ಅಂಟಿಕೊಳ್ಳುವ ಹಿಡಿಕೆಗಳು ಮೈಭಾರಕ್ಕೆ ಕಳಚಿಬರುತ್ತವೆ. ನಲ್ಲಿ, ಟವೆಲ್ ಹಾಕುವ ಕಂಬಿ ಹಿಡಿದು ಏಳುವ ಅಭ್ಯಾಸ ಬೇಡವೇ ಬೇಡ.

ಪತ್ನಿಯವರು ಬೇಡವೆನ್ನುವುದನ್ನು ಹಟವೆಂದು ತಳ್ಳಿಹಾಕಬೇಡಿ. ಬೇರೆಯವರ ಕೈಯಲ್ಲಿ ಮೈ ತೊಳೆಸಿಕೊಳ್ಳುವುದು, ಅದು ಗಂಡನ ಕೈಯೇ ಆದರೂ, ಕಷ್ಟದ ಮಾತು. ಉದ್ದ ಕೊಳವೆಯ, ಹಿಡಿಯಲ್ಲೇ ಗುಂಡಿ ಇರುವ ಹ್ಯಾಂಡ್ ಷವರ್ ತಂದುಕೊಡಿ. ಉದ್ದ ಹಿಡಿಯ ಸ್ಪಂಜನ್ನೂ ತನ್ನಿ. ಕುರ್ಚಿಯ ಹೆಸರೆತ್ತಿದರೇ ಮುಖ ತಿರುಗಿಸುತ್ತಿದ್ದ ಒಬ್ಬ ತಾಯಿ, ಷವರ್ ತಮ್ಮ ಕೈಗೆ ಬಂದ ಮೇಲೆ ‘ನೀವು ಸ್ವಲ್ಪ ಆಚೆ ನಿಲ್ಲಿ’ ಎಂದು ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬಣ್ಣ, ಬಗೆ ಎಲ್ಲವನ್ನೂ ಅವರಿಗೇ ತೋರಿಸಿ ಆರಿಸಲು ಬಿಡಿ. ಸ್ನಾನದುದ್ದಕ್ಕೂ ತೊಡೆಯ ಮೇಲೊಂದು ಬಟ್ಟೆ ಹೊದಿಸಿರಿ.

ನೀರು 37–38 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಎಡಭಾಗಕ್ಕೆ ಬಿಸಿ ತಿಳಿಯದೇ ಇರಬಹುದು; 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಮೊದಲು ನಿಮ್ಮ ಕೈಗೆ, ನಂತರ ಅವರ ಬಲಗೈಗೆ ತಾಗಿಸಿ ನೋಡಿ. ಸ್ನಾನ ಮುಗಿದ ಕೂಡಲೇ ಎಬ್ಬಿಸಬೇಡಿ, ತಲೆ ಸುತ್ತೀತು.

ಇನ್ನು ನಿಮ್ಮ ಸೊಂಟ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಎಡಗೈ ಹಿಡಿದು ಎಳೆಯಬೇಡಿ. ಬಲ ಸೋತ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಆ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಅವರ ಸೊಂಟಕ್ಕೆ ಕಟ್ಟುವ, ಹಿಡಿಗಳಿರುವ ಟ್ರಾನ್ಸ್‌ಫರ್ ಬೆಲ್ಟ್ ಕೊಳ್ಳಿ. ಅದನ್ನು ಹಿಡಿಯುವುದು ಎತ್ತಲಿಕ್ಕಲ್ಲ, ಜೋಲಿ ತಪ್ಪದಂತೆ ನೋಡಿಕೊಳ್ಳಲಿಕ್ಕೆ. ಬೆಲ್ಟ್ ಇದ್ದೂ ಅವರ ಭಾರ ನಿಮ್ಮ ಮೇಲೆ ಬೀಳುತ್ತಿದ್ದರೆ ನಡೆಸಿಕೊಂಡು ಹೋಗುವುದನ್ನು ಬಿಟ್ಟು ಚಕ್ರದ ಕುರ್ಚಿಗೇ ಹೋಗಿ. ಅವರಿಗೆ ಚಿಕಿತ್ಸೆ ಕೊಡುವ ಥೆರಪಿಸ್ಟ್ ಒಮ್ಮೆ ಮನೆಗೆ ಬಂದು ಬಚ್ಚಲು ನೋಡಿದರೆ ಇನ್ನೂ ಒಳ್ಳೆಯದು.

ಕುರ್ಚಿ ಬಂದ ದಿನವೇ ನೀರು ಹಾಕಬೇಡಿ. ಒಣ ನೆಲದ ಮೇಲೆ, ಬಟ್ಟೆ ತೊಟ್ಟಂತೆಯೇ ಕೂರಿಸಿ, ಎಬ್ಬಿಸಿ ನೋಡಿ. ಮಗಳು ಜೊತೆಗಿದ್ದರೆ ಉತ್ತಮ. ಬಳಸಿದ ಸ್ನಾನದ ಸಾಮಾನನ್ನು ಹೆಚ್ಚಿನ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಎತ್ತರ ಹೊಂದದಿದ್ದರೆ ನೀರು ಸೋಕುವ ಮೊದಲೇ ಬದಲಿಸಿಕೊಳ್ಳಿ.